ಹುಂಡಿ, ಪತ್ತು ಮತ್ತು ನ್ಯಾಸಧರ್ಮ

ಆದಿತೀರ್ಥಂಕರರಾದ ಭಗವಾನ್ ವೃಷಭದೇವರು ಪ್ರಜೆಗಳ ಜೀವನೋಪಾಯಕ್ಕಾಗಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಉಪದೇಶಿಸಿದರೆಂದು ಪುರಾಣಗಳು ಹೇಳುತ್ತವೆ. ಇವುಗಳಲ್ಲಿ ಮಸಿ ಮತ್ತು ವಾಣಿಜ್ಯಗಳೆರಡೂ ಕೂಡಿದ ಒಂದು ವೃತ್ತಿಯು ಭಾರತದ ಜೈನ ಮನೆತನಗಳಿಗೆ ಶತಮಾನಗಳ ಕಾಲ ಕೀರ್ತಿಯನ್ನೂ ಸಂಪತ್ತನ್ನೂ ತಂದುಕೊಟ್ಟಿತು. ಒಂದು ಊರಿನಲ್ಲಿ ಒಬ್ಬರಿಂದ ಪಡೆದ ಹಣವನ್ನು ಮತ್ತೊಂದು ಊರಿನಲ್ಲಿ ಮತ್ತೊಬ್ಬರಿಗೆ ತಲುಪಿಸುವುದೇ ಆ ವೃತ್ತಿ. ಇದರಲ್ಲಿ ತೂಗಿ ಕೊಡುವ ಸರಕಿಲ್ಲ, ಅಳೆದು ಕೊಡುವ ಬಟ್ಟೆಯಿಲ್ಲ. ಇದು ಕೇವಲ ಸೇವೆ. ಸೇವೆಗೆ ಬೆಲೆ ಬರುವುದು ಎಲ್ಲಿಂದ ಎಂಬ ಪ್ರಶ್ನೆಗೆ ಇದರ ಇತಿಹಾಸಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಹಣ ತಲುಪಿಸುವ ಸೇವೆಗೆ ಮೂರು ಅಂಗಗಳಿವೆ. ಮೊದಲನೆಯದು ಸಾಗಣೆ, ಎರಡನೆಯದು ಹಣ ತಪ್ಪದೆ ತಲುಪುವುದೆಂಬ ಭರವಸೆ, ಮೂರನೆಯದು ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ತಿಳಿವಳಿಕೆ. ಸಾಗಣೆ ಮತ್ತು ಭರವಸೆಗಳಿಗೆ ಗ್ರಾಹಕನು ತಿಳಿದೇ ಬೆಲೆ ಕೊಡುತ್ತಾನೆ. ತಿಳಿವಳಿಕೆಯಾದರೋ ಅವನು ಕೇಳದೆಯೇ ಸೇವೆ ಮಾಡುವವನ ಕೈಗೆ ಸೇರುತ್ತದೆ. ಕಳೆದ ನಾಲ್ಕು ಶತಮಾನಗಳಲ್ಲಿ ಈ ವೃತ್ತಿಯ ಲಾಭವು ಮೊದಲನೆಯ ಅಂಗದಿಂದ ಮೂರನೆಯ ಅಂಗದ ಕಡೆಗೆ ಸರಿಯುತ್ತ ಬಂದಿದೆ. ಶ್ರಾವಕರು ಎಚ್ಚರ ವಹಿಸಬೇಕಾದ ಸ್ಥಳವೂ ಅದರೊಂದಿಗೆ ಸರಿದಿದೆ.

ಹುಂಡಿಯ ಕಾಲ

ಮೊಗಲರ ಕಾಲದಲ್ಲಿ ಸೂರತ್ತಿನಿಂದ ಆಗ್ರಾಕ್ಕೆ ರೂಪಾಯಿಗಳ ಚೀಲವನ್ನು ಎತ್ತಿನ ಗಾಡಿಯಲ್ಲೋ ಒಂಟೆಯ ಮೇಲೋ ಕಳುಹಿಸುವುದೆಂದರೆ ಕಾವಲುಗಾರರ ಸಂಬಳ, ದಾರಿಯ ಸುಂಕ, ದರೋಡೆಯ ಭಯ ಇವೆಲ್ಲವನ್ನೂ ಹೊರಬೇಕಾಗಿತ್ತು. ಹುಂಡಿಯು ಈ ಹೊರೆಯನ್ನು ಒಂದು ಕಾಗದದ ಚೂರಿಗೆ ಇಳಿಸಿತು. ಸೂರತ್ತಿನ ಸರಾಫನು ಹಣ ಪಡೆದು, ಆಗ್ರಾದಲ್ಲಿರುವ ತನ್ನ ಕೋಠಿಗೆ ಅಥವಾ ತನ್ನ ಆಡತಿಗೆ ಇಷ್ಟು ಹಣ ಕೊಡಬೇಕೆಂದು ಬರೆದುಕೊಡುತ್ತಿದ್ದನು. ಆಗ್ರಾದಿಂದ ಸೂರತ್ತಿಗೂ ಹುಂಡಿಗಳು ಬರುತ್ತಿದ್ದುದರಿಂದ ಎರಡೂ ಕಡೆಯ ಲೆಕ್ಕಗಳು ವಹಿಯಲ್ಲೇ ವಜಾ ಆಗಿ, ನಾಣ್ಯವು ಬಹುಪಾಲು ಇದ್ದಲ್ಲಿಯೇ ಇರುತ್ತಿತ್ತು. ಇದಕ್ಕಾಗಿ ಸರಾಫನು ಪಡೆಯುತ್ತಿದ್ದ ವಟ್ಟಕ್ಕೆ ಹುಂಡಾವಣ ಎಂದು ಹೆಸರು.

ಹುಂಡಿಯ ಬಗೆಗಳನ್ನು ನೋಡಿದರೆ ಆ ಕಾಲದ ವ್ಯವಹಾರಜ್ಞಾನವು ಮನದಟ್ಟಾಗುತ್ತದೆ. ಕಂಡೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತಾದ ಅವಧಿಯ ನಂತರ ಕೊಡಬೇಕಾದದ್ದು ಮುದ್ದತಿ ಹುಂಡಿ. ಮಾರುಕಟ್ಟೆಯಲ್ಲಿ ಮರ್ಯಾದೆಯುಳ್ಳ ಸಾಹುಕಾರನ ಮೂಲಕವೇ ಹಣ ಪಡೆಯಬೇಕಾದದ್ದು ಶಾಹಜೋಗ. ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಸಲ್ಲುವುದು ಜೋಖಮಿ. ಹುಂಡಿ ಕಳೆದುಹೋದರೆ ಅದರ ಪ್ರತಿಯಾಗಿ ಪೇಠ್, ಅದೂ ಕಳೆದರೆ ಪರಪೇಠ್ ಬರೆದುಕೊಡುವ ಪದ್ಧತಿಯಿತ್ತು. 1881ರ ಪರಕ್ರಾಮ್ಯ ಪತ್ರಗಳ ಅಧಿನಿಯಮವು ದೇಶಭಾಷೆಗಳಲ್ಲಿ ಬರೆದ ಇಂತಹ ಪತ್ರಗಳ ವಿಷಯದಲ್ಲಿ ಸ್ಥಳೀಯ ರೂಢಿಗೆ ಮಾನ್ಯತೆ ಕೊಟ್ಟಿತು. ಆಂಗ್ಲ ಸರಕಾರಕ್ಕೂ ಈ ರೂಢಿಯನ್ನು ಅಳಿಸಿಹಾಕುವುದು ಸಾಧ್ಯವಿರಲಿಲ್ಲ.

ಶಾಹಜೋಗ ಎಂಬ ಹೆಸರಿನಲ್ಲಿಯೇ ಈ ಸೇವೆಯ ತಿರುಳಿದೆ. ಕಾಗದಕ್ಕೆ ಬೆಲೆ ಬರುತ್ತಿದ್ದುದು ಅದನ್ನು ಬರೆದವನ ಮತ್ತು ಅದನ್ನು ಹಿಡಿದು ತಂದವನ ಪತ್ತಿನಿಂದ. ಕವಿ ಬನಾರಸೀದಾಸರು 1641ರಲ್ಲಿ ರಚಿಸಿದ 'ಅರ್ಧಕಥಾನಕ'ವು ಇದಕ್ಕೆ ಜೀವಂತ ಸಾಕ್ಷಿ. ಜೌನಪುರದಲ್ಲಿ ಜನಿಸಿದ ಈ ಶ್ರೀಮಾಲ ಜೈನ ವರ್ತಕರು ಆಚಾರ್ಯ ಕುಂದಕುಂದರ ಸಮಯಸಾರವನ್ನು ಆಧರಿಸಿ 'ನಾಟಕ ಸಮಯಸಾರ'ವನ್ನು ರಚಿಸಿದ ಅಧ್ಯಾತ್ಮಪುರುಷರೂ ಹೌದು. ವ್ಯಾಪಾರದಲ್ಲಿ ಅವರಿಗೆ ಮೇಲಿಂದ ಮೇಲೆ ನಷ್ಟವಾಯಿತು. ಆಗ್ರಾದಲ್ಲಿ ಕೈ ಬರಿದಾದಾಗ ಕಚೋರಿ ಮಾರುವವನೊಬ್ಬನು ಅವರಿಗೆ ತಿಂಗಳುಗಟ್ಟಲೆ ಸಾಲದ ಮೇಲೆ ಆಹಾರ ಕೊಟ್ಟನು. ತಮ್ಮಲ್ಲಿ ಹಣವಿಲ್ಲವೆಂದು ಅವರೇ ಹೇಳಿಕೊಂಡ ಮೇಲೂ ಅವನು ನಿಲ್ಲಿಸಲಿಲ್ಲ. ಆ ಸಾಲವನ್ನು ಅವರು ತೀರಿಸಿದರು. ಬೀದಿಯ ಅಂಗಡಿಯವನಿಂದ ಹಿಡಿದು ದೊಡ್ಡ ಕೋಠಿಯವರೆಗೆ ಆ ಕಾಲದ ವ್ಯವಹಾರವೆಲ್ಲ ಮನುಷ್ಯನ ಮುಖ ನೋಡಿ ನಡೆಯುತ್ತಿತ್ತು.

ಅದೇ ಶತಮಾನದಲ್ಲಿ ಸೂರತ್ತಿನಲ್ಲಿದ್ದ ವೀರಜೀ ವೋರಾ ಅವರ ಪತ್ತು ಎಷ್ಟಿತ್ತೆಂದರೆ, ಆಂಗ್ಲರ ಈಸ್ಟ್ ಇಂಡಿಯಾ ಕಂಪನಿಯವರೂ ಅವರಿಂದ ಸಾಲ ಪಡೆಯುತ್ತಿದ್ದರು. ಆಗ್ರಾಕ್ಕೆ ಹಣ ತಲುಪಿಸಲು ಅವರ ಹುಂಡಿಯನ್ನೇ ಆಶ್ರಯಿಸುತ್ತಿದ್ದರು. 1664ರಲ್ಲಿ ಶಿವಾಜಿಯ ಸೈನ್ಯವು ಸೂರತ್ತನ್ನು ಸೂರೆಗೊಂಡಾಗ ಅವರ ಅಪಾರ ಸಂಪತ್ತು ಹೋಯಿತು. ಆದರೂ ಅವರ ವ್ಯವಹಾರ ನಿಲ್ಲಲಿಲ್ಲ. ತಿಜೋರಿಯಲ್ಲಿದ್ದುದನ್ನು ಸೂರೆ ಮಾಡಬಹುದಾಗಿತ್ತು, ಪತ್ತನ್ನು ಒಯ್ಯುವುದು ಯಾರಿಗೂ ಸಾಧ್ಯವಿರಲಿಲ್ಲ.

ಕರ್ಣಾಟಕದಲ್ಲಿಯೂ ಈ ವ್ಯವಹಾರಬುದ್ಧಿಗೆ ಪ್ರಾಚೀನವಾದ ತಳಹದಿಯಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿ, ಪಾಲುದಾರಿಕೆ, ಬಂಗಾರದ ಬಣ್ಣ ಮುಂತಾದವುಗಳ ಲೆಕ್ಕಗಳು ಹೇರಳವಾಗಿವೆ. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಲೆಕ್ಕವು ಗ್ರಾಹಕನಿಗೂ ಅರ್ಥವಾಗುವ ಭಾಷೆಯಲ್ಲಿರಬೇಕೆಂಬ ಭಾವನೆ ಇದರ ಹಿಂದೆ ಇದ್ದಿರಬೇಕು.

ಜಗತ್ ಸೇಠರ ಪಾಠ

ಕೀರ್ತಿಯ ಕಥೆಯನ್ನು ಹೇಳಿ ಅಪಕೀರ್ತಿಯ ಕಥೆಯನ್ನು ಬಿಡುವುದು ಇತಿಹಾಸಧರ್ಮವಲ್ಲ. ರಾಜಸ್ಥಾನದ ನಾಗೌರದಿಂದ ಪಾಟ್ನಾಕ್ಕೆ ಹೋಗಿ ನೆಲೆಸಿದ ಓಸವಾಲ ಜೈನ ಮನೆತನವೊಂದು ಮುಂದೆ ಬಂಗಾಳದ ಮುರ್ಶಿದಾಬಾದಿನಲ್ಲಿ ಬೇರೂರಿತು. ಈ ಮನೆತನದ ಫತೇಚಂದರಿಗೆ ಮೊಗಲ ಬಾದಶಹ ಮುಹಮ್ಮದ ಶಹನು ಜಗತ್ ಸೇಠ ಎಂಬ ಬಿರುದನ್ನು ಕೊಟ್ಟನು. ಬಂಗಾಳದ ಕಂದಾಯವು ದೆಹಲಿಗೆ ತಲುಪುತ್ತಿದ್ದುದು ಈ ಮನೆತನದ ಹುಂಡಿಗಳ ಮೂಲಕ. ಟಂಕಸಾಲೆಯೂ ಅವರ ಪ್ರಭಾವದಲ್ಲಿತ್ತು. ನವಾಬನ ಬೊಕ್ಕಸದಲ್ಲಿ ಎಷ್ಟಿದೆ, ಜಮೀನ್ದಾರನ ಬಾಕಿ ಎಷ್ಟು, ಪರದೇಶದ ಕಂಪನಿಗಳಿಗೆ ಎಷ್ಟು ಹಣ ಬೇಕಾಗಿದೆ ಎಂಬುದೆಲ್ಲವೂ ಅವರ ವಹಿಗಳಿಂದ ತಿಳಿದುಬರುತ್ತಿತ್ತು.

ಸಾಗಣೆಯಿಂದ ಬಂದ ಲಾಭಕ್ಕಿಂತ ಈ ತಿಳಿವಳಿಕೆಯಿಂದ ಬಂದ ಬಲವು ಹಿರಿದಾಯಿತು. ಆ ಬಲವು ಅವರನ್ನು ರಾಜಕಾರಣಕ್ಕೆ ಎಳೆಯಿತು. 1757ರ ಪ್ಲಾಸಿ ಯುದ್ಧಕ್ಕೆ ಮುಂಚೆ ನವಾಬ ಸಿರಾಜುದ್ದೌಲನನ್ನು ಪದಚ್ಯುತಗೊಳಿಸಲು ನಡೆದ ಒಳಸಂಚಿನಲ್ಲಿ ಈ ಮನೆತನದವರೂ ಸೇರಿದ್ದರು. ಆರು ವರ್ಷಗಳು ಕಳೆಯುವಷ್ಟರಲ್ಲಿ, 1763ರಲ್ಲಿ, ಮೀರ್ ಕಾಸಿಮನು ಮನೆತನದ ಇಬ್ಬರು ಮುಖ್ಯಸ್ಥರನ್ನು ಕೊಲ್ಲಿಸಿದನು. ಯಾರ ಪಕ್ಷವನ್ನು ಅವರು ವಹಿಸಿದ್ದರೋ ಆ ಕಂಪನಿಯೇ ಖಜಾನೆಯನ್ನು ಕಲಕತ್ತೆಗೆ ಸಾಗಿಸಿ ಅವರ ವೃತ್ತಿಯನ್ನು ಬತ್ತಿಸಿತು. ನವಾಬನ ದೋಷಗಳೇನೇ ಇರಲಿ, ಸೇವೆಯ ನಿಮಿತ್ತವಾಗಿ ಕೈಗೆ ಬಂದ ಗುಟ್ಟನ್ನು ಸ್ವಾರ್ಥಕ್ಕೆ ಬಳಸಿದಾಗ ಏನಾಗುತ್ತದೆಂಬುದಕ್ಕೆ ಇದು ದೊಡ್ಡ ನಿದರ್ಶನ.

ಬ್ಯಾಂಕು ಮತ್ತು ಗಣಕಯಂತ್ರ

ಬ್ಯಾಂಕುಗಳು ಬಂದ ಮೇಲೆ ಭರವಸೆಯು ವ್ಯಕ್ತಿಯಿಂದ ಸಂಸ್ಥೆಗೆ ವರ್ಗವಾಯಿತು. ಆದರೂ ವ್ಯಕ್ತಿಯ ಪಾತ್ರ ಮುಗಿಯಲಿಲ್ಲ. ಉಡುಪಿಯಲ್ಲಿ 1925ರಲ್ಲಿ ಸ್ಥಾಪಿತವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ, ಅಂಗಡಿಯ ಮುಂದಕ್ಕೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆದು ಚೀಟಿಯಲ್ಲಿ ಬರೆದುಕೊಡುತ್ತಿದ್ದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ಮೀನುಗಾರ್ತಿಗೂ ಹೊರೆಯಾಳಿಗೂ ಉಳಿತಾಯದ ಅಭ್ಯಾಸ ಬಂದುದು ಆ ಮನುಷ್ಯನ ಬರವಿನಿಂದ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

1984ರಲ್ಲಿ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು ಬ್ಯಾಂಕುಗಳಲ್ಲಿ ಗಣಕೀಕರಣಕ್ಕೆ ಮಾರ್ಗವನ್ನು ಸೂಚಿಸಿತು. ನೌಕರರ ವಿರೋಧವೂ ಜನರ ಸಂಶಯವೂ ಇದ್ದವು. ಆರಂಭದಲ್ಲಿ ಗಣಕಯಂತ್ರವು ಕೀರ್ದಿ ಖತಾವಣಿಗಳನ್ನು ಬೇಗನೆ ಬರೆಯುವ ಗುಮಾಸ್ತನಂತಿತ್ತು. ನಿಜವಾದ ಪರಿವರ್ತನೆ ಬಂದದ್ದು ಶಾಖೆಗಳ ಲೆಕ್ಕಗಳೆಲ್ಲ ಒಂದೇ ಕೇಂದ್ರದಲ್ಲಿ ಕೂಡಿದಾಗ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 1999ರಲ್ಲಿ ಹೊರತಂದ ಫಿನಾಕಲ್ ಇಂತಹ ಕೇಂದ್ರೀಯ ವ್ಯವಸ್ಥೆಗಳಲ್ಲಿ ಒಂದು. ಅಲ್ಲಿಯವರೆಗೆ ಒಂದು ಶಾಖೆಯ ಗ್ರಾಹಕನಾಗಿದ್ದವನು ಇಡೀ ಬ್ಯಾಂಕಿನ ಗ್ರಾಹಕನಾದನು. ಅವನನ್ನು ಮುಖತಃ ಬಲ್ಲ ಮ್ಯಾನೇಜರನ ಅವಶ್ಯಕತೆ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಮುಂದಿನ ಹೆಜ್ಜೆಗಳು ಶೀಘ್ರವಾಗಿ ಬಿದ್ದವು. ದೊಡ್ಡ ಮೊತ್ತಗಳಿಗೆ 2004ರಲ್ಲಿ ಆರ್‌ಟಿಜಿಎಸ್, ಸಾಮಾನ್ಯ ವರ್ಗಾವಣೆಗಳಿಗೆ 2005ರಲ್ಲಿ ನೆಫ್ಟ್ ಬಂದವು. 2008ರಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಸ್ಥಾಪಿತವಾಯಿತು. 2016ರ ಏಪ್ರಿಲ್‌ನಲ್ಲಿ ಈ ನಿಗಮವು ಯುಪಿಐ ಎಂಬ ಏಕೀಕೃತ ಪಾವತಿ ವ್ಯವಸ್ಥೆಯನ್ನು ಲೋಕಾರ್ಪಣೆ ಮಾಡಿತು. ಯಾವ ಬ್ಯಾಂಕಿನ ಖಾತೆಯಿಂದ ಯಾವ ಬ್ಯಾಂಕಿನ ಖಾತೆಗಾದರೂ ಕೆಲವೇ ಕ್ಷಣಗಳಲ್ಲಿ ಹಣ ಹೋಗುವಂತಾಯಿತು. 2024–25ರ ಆರ್ಥಿಕ ವರ್ಷದಲ್ಲಿ ಈ ಮಾರ್ಗದಲ್ಲಿ ನಡೆದ ಪಾವತಿಗಳ ಸಂಖ್ಯೆ 18,500 ಕೋಟಿಗೂ ಮಿಕ್ಕಿತು.

ಲಾಭವು ಎಲ್ಲಿಗೆ ಸರಿಯಿತು?

ಇಷ್ಟು ದೊಡ್ಡ ಸೇವೆಗೆ ಸಲ್ಲುವ ಹುಂಡಾವಣವೆಷ್ಟು ಎಂದು ಕೇಳಿದರೆ ಉತ್ತರವು ಹಳೆಯ ಸರಾಫರನ್ನು ಬೆರಗುಗೊಳಿಸೀತು. ಖಾತೆಯಿಂದ ಖಾತೆಗೆ ಹೋಗುವ ಯುಪಿಐ ಪಾವತಿಗೆ 2020ರ ಜನವರಿ 1ರಿಂದ ವರ್ತಕನು ಯಾವ ಶುಲ್ಕವನ್ನೂ ಕೊಡಬೇಕಾಗಿಲ್ಲ. ಹೂವು ಮಾರುವವಳಿಗೆ ಚಿಲ್ಲರೆಯ ತೊಂದರೆ ತಪ್ಪಿತು. ದೂರದ ಊರಿನಲ್ಲಿ ಓದುವ ಮಗನಿಗೆ ತಂದೆಯು ರಾತ್ರಿ ಹನ್ನೊಂದಕ್ಕೂ ಹಣ ಕಳುಹಿಸುವಂತಾಯಿತು. ಇದು ನಿಜವಾದ ಲೋಕೋಪಕಾರ. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಸಾಗಣೆಗೆ ಬೆಲೆಯಿಲ್ಲ. ಭರವಸೆಯ ಹೊಣೆಯನ್ನು ಬ್ಯಾಂಕುಗಳೂ ರಿಸರ್ವ್ ಬ್ಯಾಂಕೂ ಪಾವತಿ ನಿಗಮವೂ ಹೊತ್ತಿವೆ. ಹಾಗಿದ್ದರೂ ಖಾಸಗಿ ಕಂಪನಿಗಳು ಅಪಾರ ಬಂಡವಾಳ ಹೂಡಿ ಮೊಬೈಲ್ ಆ್ಯಪ್‌ಗಳನ್ನು ಜನರಿಗೆ ಪುಕ್ಕಟೆಯಾಗಿ ಕೊಟ್ಟವು. ಮೊದಮೊದಲು ಬಳಸಿದವರಿಗೆ ಹಣದ ಬಹುಮಾನಗಳನ್ನೂ ಹಂಚಿದವು. ವರ್ತಕನಾದವನು ಇದರ ಕಾರಣವನ್ನು ಸುಲಭವಾಗಿ ಊಹಿಸಬಲ್ಲನು. ದಿನನಿತ್ಯವೂ ತೆರೆಯುವ ಆ್ಯಪ್ ಎಂದರೆ ನಾಲ್ಕು ದಾರಿ ಕೂಡುವಲ್ಲಿರುವ ಅಂಗಡಿಯಿದ್ದಂತೆ. ಅಲ್ಲಿ ಸಾಲವನ್ನೂ ವಿಮೆಯನ್ನೂ ಮಾರಬಹುದು, ಜಾಹೀರಾತಿಗೆ ಜಾಗ ಕೊಡಬಹುದು. ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆಯನ್ನು ಅಂಗಡಿಯವನಿಗೆ ಬಾಡಿಗೆಗೆ ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪಾವತಿಗಳ ಜಾಡನ್ನು ನೋಡಿ ಯಾವ ಅಂಗಡಿಯ ವಹಿವಾಟು ಏರುತ್ತಿದೆ, ಯಾರ ಕೈ ತಿಂಗಳ ಕೊನೆಗೆ ಬರಿದಾಗುತ್ತದೆ ಎಂಬುದನ್ನು ಅರಿತು ಸಾಲ ಕೊಡಿಸಬಹುದು. 2024ರಲ್ಲಿ ಯುಪಿಐ ಪಾವತಿಗಳ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಪಾಲು ಎರಡೇ ಕಂಪನಿಗಳ ಆ್ಯಪ್‌ಗಳ ಮೂಲಕ ನಡೆಯಿತು. ಯಾವ ಕಂಪನಿಯೂ ಶೇಕಡಾ 30ನ್ನು ಮೀರಬಾರದೆಂದು ಪಾವತಿ ನಿಗಮವು 2020ರಲ್ಲಿಯೇ ವಿಧಿಸಿದ್ದರೂ, ಅದರ ಗಡುವು ಮುಂದಕ್ಕೆ ಹೋಗುತ್ತ 2026ರ ಅಂತ್ಯಕ್ಕೆ ನಿಂತಿತು.

ಕಚೋರಿಯವನು ಬನಾರಸೀದಾಸರ ಮುಖ ನೋಡಿ ಸಾಲ ಕೊಟ್ಟನು. ಇಂದಿನ ವ್ಯವಸ್ಥೆಯು ಜಾಡನ್ನು ನೋಡಿ ಸಾಲ ಕೊಡುತ್ತದೆ. ಆಸ್ತಿಪತ್ರವಿಲ್ಲದ ಸಣ್ಣ ವರ್ತಕನಿಗೆ ಇದರಿಂದ ಹಿತವೂ ಉಂಟು. ಆದರೆ ಕಚೋರಿಯವನು ತನ್ನ ಬಗ್ಗೆ ಏನನ್ನು ಬಲ್ಲನೆಂದು ಬನಾರಸೀದಾಸರಿಗೂ ತಿಳಿದಿತ್ತು. ಇಂದಿನ ಗ್ರಾಹಕನಿಗೆ ಅದು ತಿಳಿದಿಲ್ಲ.

ಈ ತಿಳಿವಳಿಕೆಯ ಬಲವು ಕರ್ಣಾಟಕದಲ್ಲಿ 2025ರ ಜುಲೈ ತಿಂಗಳಿನಲ್ಲಿ ಎಲ್ಲರ ಅನುಭವಕ್ಕೆ ಬಂದಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ವಿವರಗಳ ಆಧಾರದ ಮೇಲೆ ಸಣ್ಣ ವರ್ತಕರಿಗೆ ಜಿಎಸ್‌ಟಿ ನೋಟೀಸು ಕಳುಹಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳವರು ಕ್ಯೂಆರ್ ಫಲಕವನ್ನು ತೆಗೆದು ನಗದನ್ನೇ ಕೇಳತೊಡಗಿದರು. ನೋಂದಣಿ ಮಾಡಿಸಿಕೊಳ್ಳುವವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರಕಾರವು ಅದೇ ತಿಂಗಳು ಭರವಸೆ ಕೊಟ್ಟಿತು. ಈ ಪ್ರಕರಣದಲ್ಲಿ ಶ್ರಾವಕರಿಗೆ ಎರಡು ಪಾಠಗಳಿವೆ. ನ್ಯಾಯವಾದ ರಾಜನಿಯಮವನ್ನು ಮೀರುವುದು ಅಚೌರ್ಯಾಣುವ್ರತಕ್ಕೆ ಅತಿಚಾರ. ಸಲ್ಲಬೇಕಾದ ತೆರಿಗೆಯನ್ನು ಜಾಡು ಸಿಗದಂತೆ ತಪ್ಪಿಸುವುದು ವ್ರತಿಕನಿಗೆ ಹೇಳಿದ್ದಲ್ಲ. ಹಾಗೆಯೇ, ಹಣ ಪಡೆಯುವ ಅನುಕೂಲಕ್ಕೆಂದು ಫಲಕ ತೂಗುಹಾಕಿದವನು ಅದರೊಂದಿಗೆ ತನ್ನ ವರ್ಷಗಳ ವಹಿಯನ್ನೂ ಪರರ ಮುಂದೆ ತೆರೆದಿಟ್ಟಿದ್ದೇನೆಂದು ಅರಿತಿರಲಿಲ್ಲ.

ಪೂಜ್ಯಪಾದರ ದೃಷ್ಟಿ

ಕೊಟ್ಟವನಿಗೆ ತಾನು ಕೊಟ್ಟದ್ದೆಷ್ಟೆಂದು ತಿಳಿಯದಿರುವ ಈ ಸ್ಥಿತಿಯನ್ನು ಪ್ರಾಚೀನ ಆಚಾರ್ಯರು ಬಹು ಹಿಂದೆಯೇ ಆಲೋಚಿಸಿದ್ದಾರೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ಇಟ್ಟ ಠೇವಣಿಯ ಅಪಹಾರವು ಕಳ್ಳತನವಲ್ಲವೇ, ಅದನ್ನು ಅಚೌರ್ಯದಲ್ಲಿ ಹೇಳದೆ ಸತ್ಯದಲ್ಲಿ ಹೇಳಿದ್ದೇಕೆ ಎಂಬ ಶಂಕೆ ಬರುವುದು ಸಹಜ.

ಕರ್ಣಾಟಕದ ಮಹಾನ್ ಆಚಾರ್ಯರಾದ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇದನ್ನು ಬಿಡಿಸಿದ್ದಾರೆ. ಒಬ್ಬನು ಬಂಗಾರ ಮೊದಲಾದ ದ್ರವ್ಯವನ್ನು ಮತ್ತೊಬ್ಬನಲ್ಲಿ ಇಟ್ಟಿರುತ್ತಾನೆ. ಕಾಲಾಂತರದಲ್ಲಿ ಇಟ್ಟ ಸಂಖ್ಯೆಯನ್ನು ಮರೆತು ಕಡಿಮೆಯನ್ನೇ ಕೇಳುತ್ತಾನೆ. ಇಟ್ಟುಕೊಂಡವನು ಸತ್ಯಸ್ಥಿತಿಯನ್ನು ಬಲ್ಲವನಾದರೂ ಹಾಗೆಯೇ ಆಗಲಿ ಎಂದು ಒಪ್ಪಿಬಿಡುತ್ತಾನೆ. ಇದೇ ನ್ಯಾಸಾಪಹಾರ. ಇಲ್ಲಿ ಬೀಗ ಮುರಿದಿಲ್ಲ, ಕೇಳಿದ್ದನ್ನು ನಿರಾಕರಿಸಿಲ್ಲ. ಕೊಟ್ಟವನ ಅಜ್ಞಾನಕ್ಕೆ ತಲೆದೂಗಿದ್ದೇ ಅಸತ್ಯ.

ಈ ದೃಷ್ಟಾಂತವನ್ನು ಇಂದಿನ ಸೇವೆಗಳ ಪಕ್ಕದಲ್ಲಿಟ್ಟು ನೋಡಬೇಕು. ಗ್ರಾಹಕನು ತಾನು ಕೊಟ್ಟದ್ದು ಹೆಸರು ಮತ್ತು ದೂರವಾಣಿ ಸಂಖ್ಯೆ ಮಾತ್ರ ಎಂದು ತಿಳಿದಿರುತ್ತಾನೆ. ಎಲ್ಲಿ ಕೊಂಡನು, ಯಾವ ವೇಳೆಯಲ್ಲಿ, ಯಾವ ಔಷಧದ ಅಂಗಡಿಗೆ ಎಷ್ಟು ಸಲ ಕೊಟ್ಟನು ಎಂಬುದೆಲ್ಲವೂ ಸಂಗ್ರಹವಾಗುತ್ತಿರುವುದು ಅವನ ಗಮನದಲ್ಲಿರುವುದಿಲ್ಲ. ಹತ್ತಾರು ಪುಟಗಳ ಷರತ್ತುಗಳ ಕೆಳಗೆ ಒಪ್ಪಿಗೆಯ ಗುಂಡಿಯನ್ನು ಒತ್ತಿಸಿಕೊಂಡು, ನೀವೇ ಒಪ್ಪಿದ್ದೀರಿ ಎನ್ನುವ ವ್ಯವಹಾರವು ಪೂಜ್ಯಪಾದರು ವರ್ಣಿಸಿದ ತಲೆದೂಗುವಿಕೆಗಿಂತ ಭಿನ್ನವಾಗಿಲ್ಲ.

ಅದೇ ಪಟ್ಟಿಯಲ್ಲಿರುವ ಸಾಕಾರಮಂತ್ರಭೇದವೂ ಇಲ್ಲಿ ವಿಚಾರಣೀಯ. ಸಂದರ್ಭ, ಅಂಗವಿಕಾರ, ಹುಬ್ಬಿನ ಚಲನೆ ಮುಂತಾದ ಚಿಹ್ನೆಗಳಿಂದ ಪರರ ಮನಸ್ಸಿನ ಆಶಯವನ್ನು ಊಹಿಸಿ, ಅಸೂಯೆ ಮೊದಲಾದ ಕಾರಣಗಳಿಂದ ಅದನ್ನು ಹೊರಗೆಡಹುವುದು ಇದರ ಲಕ್ಷಣ. ಹೇಳಿದ ಗುಟ್ಟನ್ನು ಮಾತ್ರವಲ್ಲದೆ ಹೇಳದೆ ಇದ್ದುದನ್ನು ಚಿಹ್ನೆಗಳಿಂದ ತಿಳಿದುಕೊಂಡಾಗಲೂ ಕಾಪಾಡಬೇಕೆಂದು ಇದರಿಂದ ಸಿದ್ಧವಾಗುತ್ತದೆ. ಪಾವತಿಯ ಜಾಡಿನಿಂದ ಮನುಷ್ಯನ ಕಷ್ಟ, ರೋಗ, ಆಸೆಗಳನ್ನು ಊಹಿಸಿ ಅನ್ಯರಿಗೆ ಮಾರುವ ಉದ್ಯಮಕ್ಕೆ ಇದಕ್ಕಿಂತ ನೇರವಾದ ಎಚ್ಚರಿಕೆ ಬೇಕಿಲ್ಲ. ಕೂಟಲೇಖಕ್ರಿಯೆ ಎಂಬ ಮತ್ತೊಂದು ಅತಿಚಾರವಾದರೋ, ಅಂಗಡಿಯ ಫಲಕದ ಮೇಲೆ ಕಳ್ಳ ಕ್ಯೂಆರ್ ಚೀಟಿಯನ್ನು ಅಂಟಿಸುವವರ ಮತ್ತು ಬ್ಯಾಂಕಿನ ಹೆಸರಿನಲ್ಲಿ ಸುಳ್ಳು ಸಂದೇಶ ಕಳುಹಿಸುವವರ ರೂಪದಲ್ಲಿ ನಿತ್ಯವೂ ಕಾಣಸಿಗುತ್ತದೆ.

ರಾಜನಿಯಮವೂ ನಿಧಾನವಾಗಿ ಈ ದಾರಿಗೆ ಬಂದಿದೆ. ಕರ್ಣಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು ಬಂದಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಜನರ ವಿವರಗಳನ್ನು ಇಟ್ಟುಕೊಂಡು ಬಳಸುವ ಸಂಸ್ಥೆಗೆ ಈ ಅಧಿನಿಯಮವು ಆಂಗ್ಲದಲ್ಲಿ ಕೊಟ್ಟಿರುವ ಹೆಸರಿನ ಅರ್ಥವು ನಂಬಿಕೆಯ ಮೇಲೆ ಪರರ ವಸ್ತುವನ್ನು ಧರಿಸಿದವನು, ಅಂದರೆ ನ್ಯಾಸಧಾರಿ ಎಂದೇ ಆಗುತ್ತದೆ.

ಬಸದಿಗಳ ಹುಂಡಿ

ಹುಂಡಿ ಎಂಬ ಪದವು ಕನ್ನಡದಲ್ಲಿ ದೇವಾಲಯದ ಕಾಣಿಕೆಯ ಪೆಟ್ಟಿಗೆಗೂ ಸಲ್ಲುತ್ತದೆ. ಆ ಪೆಟ್ಟಿಗೆಗೆ ಹಾಕಿದವನ ಹೆಸರು ಗೊತ್ತಾಗದು. ಗುಪ್ತದಾನದ ಹಿರಿಮೆಯೇ ಅದು. ಇಂದು ಅನೇಕ ಬಸದಿಗಳಲ್ಲಿ ಪೆಟ್ಟಿಗೆಯ ಪಕ್ಕದಲ್ಲಿ ಕ್ಯೂಆರ್ ಫಲಕವೂ ನಿಂತಿದೆ. ಅದರ ಮೂಲಕ ಬಂದ ದಾನಕ್ಕೆ ಹೆಸರು, ದಿನಾಂಕ, ಮೊತ್ತ ಎಲ್ಲವೂ ಅಂಟಿಕೊಂಡು ಬರುತ್ತವೆ. ಆದಾಯ ತೆರಿಗೆಯ ವಿನಾಯಿತಿಯನ್ನು ಕೊಡಿಸುವ ಟ್ರಸ್ಟುಗಳು 2021–22ರ ಲೆಕ್ಕದಿಂದ ದಾನಿಗಳ ಗುರುತಿನ ಸಂಖ್ಯೆಯೊಡನೆ ವಿವರಪಟ್ಟಿಯನ್ನು ಇಲಾಖೆಗೆ ಸಲ್ಲಿಸಬೇಕಾಗಿ ಬಂದುದರಿಂದ, ಪಾನ್ ಸಂಖ್ಯೆಗಳೂ ಅವರ ಕಡತಗಳಲ್ಲಿ ಸೇರಿದವು. ಹೀಗೆ ಚಿಕ್ಕ ಬಸದಿಯ ಕಾರ್ಯದರ್ಶಿಯೂ ನ್ಯಾಸಧಾರಿಯಾಗಿದ್ದಾನೆ.

ಆದಕಾರಣ ಟ್ರಸ್ಟುಗಳು ಕೆಲವು ನಿಯಮಗಳನ್ನು ಪಾಲಿಸುವುದು ಉಚಿತ. ದಾನಿಯಿಂದ ಯಾವ ವಿವರವನ್ನು ಏತಕ್ಕೆ ಪಡೆಯಲಾಗುತ್ತಿದೆ ಎಂಬುದನ್ನು ರಶೀದಿಯಲ್ಲಿಯೇ ಕನ್ನಡದಲ್ಲಿ ಮುದ್ರಿಸಬೇಕು. ಅಗತ್ಯಕ್ಕಿಂತ ಹೆಚ್ಚಿನದನ್ನು ಕೇಳಬಾರದು. ದಾನಿಗಳ ಮತ್ತು ಅಭಿಷೇಕದ ಬೋಲಿಯ ಪಟ್ಟಿಯನ್ನು ಅವರ ಸಮ್ಮತಿಯಿಲ್ಲದೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯಬಿಡಬಾರದು. ಯಾತ್ರಿಕರ ದೂರವಾಣಿ ಸಂಖ್ಯೆಗಳನ್ನು ಪ್ರವಾಸ ಏಜೆಂಟರಿಗೋ ನಿವೇಶನ ಮಾರುವವರಿಗೋ ಕೊಡಬಾರದು. ಫಲಕವು ಬಸದಿಯ ಖಾತೆಯದೇ ಎಂದು ದಿನವೂ ಒಮ್ಮೆ ಪರೀಕ್ಷಿಸಬೇಕು. ಖಾತೆಯು ಯಾವ ಪದಾಧಿಕಾರಿಯ ಸ್ವಂತ ಹೆಸರಿನಲ್ಲಿಯೂ ಇರಕೂಡದು. ಕಾಣಿಕೆಯ ಪೆಟ್ಟಿಗೆಯನ್ನು ತೆಗೆಯಕೂಡದು, ಗುಪ್ತದಾನ ಮಾಡಬಯಸುವವರಿಗೆ ಅದೇ ಆಶ್ರಯ.

ವ್ಯಾಪಾರದಲ್ಲಿರುವ ಶ್ರಾವಕರಿಗೂ ಇದೇ ಮಾತು ಅನ್ವಯಿಸುತ್ತದೆ. ಔಷಧದ ಅಂಗಡಿ, ಬಂಗಾರದ ಅಂಗಡಿ, ಬಡ್ಡಿ ವ್ಯವಹಾರ, ಪತ್ತಿನ ಸಹಕಾರ ಸಂಘ, ಸಾಫ್ಟ್‌ವೇರ್ ಸಂಸ್ಥೆ ಯಾವುದೇ ಇರಲಿ, ಗ್ರಾಹಕನ ಬಗ್ಗೆ ಕೂಡಿಟ್ಟ ತಿಳಿವಳಿಕೆಯನ್ನು ಖತಾವಣಿಯಲ್ಲಿ ಅವನ ಹೆಸರಿಗೆ ಜಮಾ ಇರುವ ಠೇವಣಿಯೆಂದೇ ಎಣಿಸಬೇಕು. ಅವನು ಸಂಖ್ಯೆ ಮರೆತು ಕಡಿಮೆ ಕೇಳಿದರೂ ಪೂರ್ಣ ಲೆಕ್ಕವನ್ನು ತಾನಾಗಿಯೇ ಒಪ್ಪಿಸುವವನು ಸತ್ಯಾಣುವ್ರತಿ. ವೀರಜೀ ವೋರಾ ಅವರ ಕಾಲದಲ್ಲಿ ಮನೆತನಗಳು ಪತ್ತನ್ನು ಗಳಿಸಿದ್ದು ಹಾಗೆ ಲೆಕ್ಕ ಒಪ್ಪಿಸಿದ್ದರಿಂದ. ಯಂತ್ರಗಳು ಹಣವನ್ನು ಎಷ್ಟು ವೇಗವಾಗಿ ಸಾಗಿಸಿದರೂ ಈ ಲೆಕ್ಕವನ್ನು ಒಪ್ಪಿಸಬೇಕಾದವನು ಮನುಷ್ಯನೇ.